ಮೈಲುತುತ್ತದಿಂದ ಮಂಡ್ಯದ ಸಕ್ಕರೆವರೆಗೆ: ಕೋಲ್ಮನ್ ಸಾಹೇಬರ ಕಥೆ

ಫಸ್ಟ್ ಸೆಮ್ ಕೆಮಿಸ್ಟ್ರಿ ವೈವಾದಲ್ಲಿ ನನಗೆ ಬಿದ್ದ ಪ್ರಶ್ನೆ ತೀರಾ ಸಣ್ಣದು. ಮೈಲುತುತ್ತ ಕರಗಿಸಿದ ನೀರಿಗೆ ಸುಣ್ಣದ ನೀರು ಹಾಕಿದರೆ ಆಕಾಶದ ಬಣ್ಣದ ಗಸಿ ಬರುತ್ತದಲ್ಲ, ಅದು ರೆಡಾಕ್ಸ್ ಕ್ರಿಯೆಯೋ ಅಲ್ಲವೋ ಅಂತ. ಬಣ್ಣ ಬದಲಾಗಿದೆ, ಗಸಿ ಕೂತಿದೆ, ಸಾಲದ್ದಕ್ಕೆ ತಾಮ್ರ ಬೇರೆ ಇದೆ. ಒಂದು ಸೆಕೆಂಡೂ ಯೋಚಿಸದೆ ಹೌದು ಅಂದೆ. ಎಕ್ಸಾಮಿನರ್ ಏನೂ ಹೇಳದೆ ಮುಂದಿನ ರೋಲ್ ನಂಬರ್ ಕರೆದರು. ಅಷ್ಟರಲ್ಲೇ ಗೊತ್ತಾಯ್ತು ಬಿಡಿ.

ರಾತ್ರಿ ಹಾಸ್ಟೆಲಿನಲ್ಲಿ ಇದನ್ನು ಹೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ನನ್ನ ರೂಮ್‌ಮೇಟ್. ತೀರ್ಥಹಳ್ಳಿ ಕಡೆಯವನು, ಅಡಿಕೆ ತೋಟದ ಮನೆ. ಅವರಲ್ಲಿ ಮಳೆ ಹಿಡಿಯೋಕೆ ಮುಂಚೆ ಡ್ರಮ್ಮಿನಲ್ಲಿ ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡ್ತಾರೆ. ಮಾಡಿದ ಮೇಲೆ ಉಜ್ಜಿ ಹೊಳೆಯೋ ಹಾಗೆ ಮಾಡಿದ ಕತ್ತಿಯೊಂದನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೀತಾರೆ. ಕತ್ತಿ ಕೆಂಪಾದರೆ ದ್ರಾವಣ ಇನ್ನೂ ಸರಿಹೋಗಿಲ್ಲ, ಸುಣ್ಣ ಬೇಕು. ಕೆಂಪಾಗದಿದ್ದರೆ ಮರಕ್ಕೆ ಹೊಡೆಯಬಹುದು. ನಾನು ವೈವಾದಲ್ಲಿ ತಪ್ಪು ಹೇಳಿದ್ದನ್ನು ಅವರ ತೋಟದ ಕೊನೆಗೌಡರು ಒಂದು ಕತ್ತಿಯಲ್ಲಿ ಸರಿಯಾಗಿ ಹೇಳಿಬಿಡ್ತಾರೆ.

ಈ ಡ್ರಮ್ಮು ಮಲೆನಾಡಿಗೆ ಹೇಗೆ ಬಂತು ಅಂತ ಹುಡುಕುತ್ತಾ ಹೋದಾಗ ಒಬ್ಬ ಮನುಷ್ಯ ಸಿಕ್ಕರು. ಇನ್ನೂ ಸ್ವಲ್ಪ ಹುಡುಕಿದಾಗ, ನಮ್ಮ ಮದ್ದೂರು ತಾಲ್ಲೂಕಿನ ಕಬ್ಬಿನ ಗದ್ದೆಯ ಹಿಂದೆಯೂ ಅದೇ ಮನುಷ್ಯ ಇದ್ದಾರೆ ಅಂತ ಗೊತ್ತಾಯ್ತು. ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಮಂಡ್ಯದ ವಿ.ಸಿ. ಫಾರ್ಮ್ ಗೊತ್ತಿಲ್ಲದವರು ನಮ್ಮ ಕಡೆ ಇಲ್ಲ, ಮೈಷುಗರ್ ಗೊತ್ತಿಲ್ಲದವರಂತೂ ಇಲ್ಲವೇ ಇಲ್ಲ. ಎರಡಕ್ಕೂ ಬೇಕಾದ ಕೋಲ್ಮನ್ ಹೆಸರು ಮಾತ್ರ ಕೃಷಿ ಓದಿದವರ ಬಾಯಲ್ಲಿ, ಕೆಲವು ಹಿರಿಯರ ನೆನಪಿನಲ್ಲಿ ಉಳಿದಿದೆ. ಅವರ ಬದುಕನ್ನು ಓದುವಾಗ ನನಗೆ ಇನ್ನೊಂದು ಲಾಭ ಆಯ್ತು. ಆ ಬದುಕಿನ ಒಂದೊಂದು ಘಟ್ಟದಲ್ಲೂ ಒಂದೊಂದು ರಾಸಾಯನಿಕ ಕ್ರಿಯೆ ಕೂತಿದೆ. ಕೆಲವು ರೆಡಾಕ್ಸ್, ಕೆಲವು ಅಲ್ಲ. ಯಾವುದು ಯಾವುದು ಅಂತ ವಿಂಗಡಿಸುತ್ತಾ ಹೋದರೆ ಫಸ್ಟ್ ಸೆಮ್ ಪಾಠ ಮುಗಿದೇ ಹೋಗುತ್ತೆ.

ಕೋಲ್ಮನ್ ಹುಟ್ಟಿದ್ದು 1878ರ ಜೂನ್ 16ರಂದು, ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ. ಓದು ಮುಗಿಸಿ ಸ್ವಲ್ಪ ಕಾಲ ಶಾಲೆ ಮೇಷ್ಟರಾಗಿದ್ದರು. ಆಮೇಲೆ ಟೊರಾಂಟೊ ವಿಶ್ವವಿದ್ಯಾಲಯ ಸೇರಿ 1904ರಲ್ಲಿ ಪದವಿ ಪಡೆದರು. ಅಲ್ಲಿಂದ ಜರ್ಮನಿಗೆ ಹೋಗಿ ಡಾಕ್ಟರೇಟ್ ಮಾಡಿದರು. ವಿಷಯ ಏನು ಗೊತ್ತಾ? ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡುವ ಕೆಲಸ, ಅಂದರೆ ನೈಟ್ರಿಫಿಕೇಶನ್. ಆ ಕೆಲಸದ ಬಗ್ಗೆ ಅವರು ಜರ್ಮನ್ ಭಾಷೆಯಲ್ಲಿ ಬರೆದ ದೊಡ್ಡ ಲೇಖನ 1908ರಲ್ಲಿ ಅಚ್ಚಾಯ್ತು.

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದರೆ ಇಡೀ ಕಥೆಗೆ ಬೇಕಾದ ಲೆಕ್ಕ ಇಲ್ಲೇ ಇದೆ. ಉತ್ಕರ್ಷಣ ಅಂದರೆ ಆಕ್ಸಿಜನ್ ಸೇರೋದು, ಅಪಕರ್ಷಣ ಅಂದರೆ ಆಕ್ಸಿಜನ್ ಹೋಗೋದು ಅಂತ ಹೈಸ್ಕೂಲಿನಲ್ಲಿ ಓದಿರ್ತೀವಿ. ಪಿಯುಸಿಯಲ್ಲಿ ಎಲೆಕ್ಟ್ರಾನ್ ಕಳೆದುಕೊಂಡರೆ ಉತ್ಕರ್ಷಣ, ಪಡೆದರೆ ಅಪಕರ್ಷಣ ಅಂತ ತಿದ್ದುತ್ತಾರೆ. ಕ್ರಿಯೆ ಕಣ್ಣೆದುರಿಗಿದ್ದಾಗ ಎಲೆಕ್ಟ್ರಾನ್ ಎಲ್ಲಿ ಕಾಣುತ್ತೆ? ಅದಕ್ಕೇ ಉತ್ಕರ್ಷಣ ಸಂಖ್ಯೆ ಅನ್ನೋ ಖಾತೆ ಪುಸ್ತಕ. ಆಕ್ಸಿಜನ್‌ಗೆ ಸಾಮಾನ್ಯವಾಗಿ -2, ಹೈಡ್ರೋಜನ್‌ಗೆ +1, ಶುದ್ಧ ಧಾತುವಿಗೆ 0. ಎಲ್ಲ ಕೂಡಿದರೆ ಅಣುವಿನ ಅಥವಾ ಅಯಾನಿನ ಚಾರ್ಜ್ ಬರಬೇಕು. ಅಮೋನಿಯಂ ಅಯಾನಿನಲ್ಲಿ 4 ಹೈಡ್ರೋಜನ್ ಸೇರಿ +4, ಒಟ್ಟು ಚಾರ್ಜ್ +1, ಹಾಗಾಗಿ ನೈಟ್ರೋಜನ್ -3. ನೈಟ್ರೈಟ್‌ನಲ್ಲಿ 2 ಆಕ್ಸಿಜನ್ ಸೇರಿ -4, ಚಾರ್ಜ್ -1, ನೈಟ್ರೋಜನ್ +3. ನೈಟ್ರೇಟ್‌ನಲ್ಲಿ 3 ಆಕ್ಸಿಜನ್, ನೈಟ್ರೋಜನ್ +5. ಮಣ್ಣಿನ ಒಂದು ಗುಂಪಿನ ಬ್ಯಾಕ್ಟೀರಿಯಾ -3ರಿಂದ +3ಕ್ಕೆ ತರುತ್ತೆ, ಇನ್ನೊಂದು ಗುಂಪು ಅದನ್ನು +5ಕ್ಕೆ ಮುಟ್ಟಿಸುತ್ತೆ. ಒಟ್ಟು 8 ಎಲೆಕ್ಟ್ರಾನ್ ಕೈಬದಲು. ಅದನ್ನು ತಗೊಳ್ಳೋದು ಗಾಳಿಯ ಆಕ್ಸಿಜನ್, ಅದು 0ಯಿಂದ -2ಕ್ಕೆ ಇಳಿಯುತ್ತೆ. ಬಣ್ಣ ಇಲ್ಲ, ಗುಳ್ಳೆ ಇಲ್ಲ, ಶಬ್ದ ಇಲ್ಲ. ಕಣ್ಣಿಗೆ ಏನೂ ಕಾಣದ ಈ ಕ್ರಿಯೆ ಅಪ್ಪಟ ರೆಡಾಕ್ಸ್. ಕಣ್ಣಿಗೆ ನೀಲಿ ಗಸಿ ಕಂಡ ನನ್ನ ವೈವಾ ಕ್ರಿಯೆ ಅಲ್ಲ.

1908ರಲ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಹುದ್ದೆ ಕೀಟಶಾಸ್ತ್ರ, ಶಿಲೀಂಧ್ರಶಾಸ್ತ್ರ ಎರಡಕ್ಕೂ ಸೇರಿದ್ದು. ವಯಸ್ಸು ಮೂವತ್ತು. ಬಂದ ತಕ್ಷಣ ಎದುರಾದದ್ದು ಮಲೆನಾಡಿನ ಕೊಳೆರೋಗ. ಜಡಿಮಳೆಯಲ್ಲಿ ಎಳೆ ಅಡಿಕೆ ಕಾಯಿ ಕೊಳೆತು ಉದುರಿ, ವರ್ಷದ ಫಸಲು ಮರದ ಬುಡದಲ್ಲಿ ಬಿಳಿ ಬೂಸ್ಟು ಹಿಡಿದು ಬಿದ್ದಿರುತ್ತಿತ್ತು. ರೈತರು ಸುಮ್ಮನೆ ಕೂತಿರಲಿಲ್ಲ. ಮಳೆ ನೀರು ಗೊನೆಗೆ ತಾಗದ ಹಾಗೆ ಒಂದೊಂದು ಗೊನೆಗೂ ಕೊಟ್ಟೆ ಕಟ್ಟುತ್ತಿದ್ದರು. ಒಂದು ತೋಟದಲ್ಲಿ ಎಷ್ಟು ಮರ, ಒಂದು ಮರಕ್ಕೆ ಎಷ್ಟು ಗೊನೆ, ಜಾರುವ ಮರ ಎಷ್ಟು ಸಲ ಹತ್ತಬೇಕು, ಲೆಕ್ಕ ಹಾಕಿಕೊಳ್ಳಿ. ಕೋಲ್ಮನ್ ರೋಗ ತರುವ ಶಿಲೀಂಧ್ರವನ್ನು ಬೇರ್ಪಡಿಸಿ, ಅದರ ಬದುಕನ್ನು ಅಭ್ಯಾಸ ಮಾಡಿ, 1910ರಲ್ಲಿ ವರದಿ ಪ್ರಕಟಿಸಿದರು. ಅದು ಫೈಟಾಫ್ತೊರಾ ಜಾತಿಯದು, ಯೂರೋಪಿನಲ್ಲಿ ಆಲೂಗಡ್ಡೆ ಕೊಳೆಸಿದ್ದರ ನೆಂಟ. ಮದ್ದು ಬೋರ್ಡೋ ದ್ರಾವಣ.

ಈ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ. ಅದನ್ನು 1885ರ ಹೊತ್ತಿಗೆ ಶಾಸ್ತ್ರೀಯವಾಗಿ ಜಗತ್ತಿಗೆ ತಿಳಿಸಿದವರು ಮಿಲಾರ್ದೆ ಅನ್ನುವ ವಿಜ್ಞಾನಿ. ದ್ರಾಕ್ಷಿ ಬಳ್ಳಿ ಸೊಂಟದ ಎತ್ತರ, ಅಡಿಕೆ ಮರ ಆಕಾಶದೆತ್ತರ. ಫ್ರಾನ್ಸಿನ ಮಳೆ ಎಲ್ಲಿ, ಆಗುಂಬೆ ಕಡೆಯ ಮಳೆ ಎಲ್ಲಿ. ಮಳೆಗೆ ತೊಳೆದು ಹೋಗದ ಹಾಗೆ ದ್ರಾವಣಕ್ಕೆ ಅಂಟು ಸೇರಿಸಬೇಕಿತ್ತು, ಮರದ ತುದಿವರೆಗೆ ಪಂಪು ಮುಟ್ಟಬೇಕಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ರೈತ ನಂಬಬೇಕಿತ್ತು. ನನ್ನ ಅಭಿಪ್ರಾಯದಲ್ಲಿ ಕೋಲ್ಮನ್ ಅವರ ದೊಡ್ಡತನ ಇರೋದು ಇಲ್ಲಿ. ಶಿಲೀಂಧ್ರಕ್ಕೆ ಹೆಸರಿಟ್ಟು ಪೇಪರ್ ಬರೆದು ಸುಮ್ಮನಾಗಬಹುದಿತ್ತು. ತೋಟಕ್ಕೆ ಹೋಗಿ ಹೊಡೆದು ತೋರಿಸಿದರು. ನೂರು ವರ್ಷ ದಾಟಿದರೂ ಮಲೆನಾಡು, ಕರಾವಳಿಯಲ್ಲಿ ಕೊಳೆರೋಗಕ್ಕೆ ಮೊದಲ ಮದ್ದು ಅದೇ.

ಈಗ ಆ ಡ್ರಮ್ಮಿಗೆ ಬನ್ನಿ. ಅಳತೆ ಸರಳ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಅದರಲ್ಲಿ ತಾಮ್ರ +2. ಸುಣ್ಣ ಸೇರಿದಾಗ ತಾಮ್ರದ ಹೈಡ್ರಾಕ್ಸೈಡ್ ಗಸಿಯಾಗುತ್ತೆ, ಅದರಲ್ಲೂ ತಾಮ್ರ +2. ಕ್ಯಾಲ್ಸಿಯಂ ಮೊದಲೂ +2, ಆಮೇಲೂ +2. ಸಲ್ಫೇಟಿನ ಗಂಧಕ +6, ಹಾಗೇ ಉಳಿಯಿತು. ಯಾರ ಖಾತೆಯಲ್ಲೂ ಒಂದು ಪೈಸೆ ಹೆಚ್ಚುಕಮ್ಮಿ ಆಗಿಲ್ಲ. ಜೋಡಿ ಮಾತ್ರ ಅದಲು ಬದಲು. ಆದ್ದರಿಂದ ರೆಡಾಕ್ಸ್ ಅಲ್ಲ. ನನಗೆ ಅವತ್ತು ಹೊಳೆಯದೇ ಹೋದದ್ದು ಇಷ್ಟೇ.

ಕತ್ತಿ ಅದ್ದಿದಾಗ ಕಥೆ ಬೇರೆ. ಸುಣ್ಣ ಕಮ್ಮಿ ಇದ್ದರೆ ಕರಗಿದ ತಾಮ್ರದ ಅಯಾನುಗಳು ನೀರಿನಲ್ಲಿ ಉಳಿದಿರ್ತವೆ. ಕತ್ತಿಯ ಕಬ್ಬಿಣ 0ಯಿಂದ +2ಕ್ಕೆ ಏರಿ ನೀರಿಗಿಳಿಯುತ್ತೆ. ಅದು ಬಿಟ್ಟ 2 ಎಲೆಕ್ಟ್ರಾನ್ ಹಿಡಿದುಕೊಂಡು ತಾಮ್ರ +2ರಿಂದ 0ಗೆ ಇಳಿದು ಕತ್ತಿ ಮೇಲೆ ಕೆಂಪಗೆ ಕೂರುತ್ತೆ. ಕಬ್ಬಿಣಕ್ಕೆ ಉತ್ಕರ್ಷಣ, ತಾಮ್ರಕ್ಕೆ ಅಪಕರ್ಷಣ. ಅಂದರೆ ದ್ರಾವಣ ಸರಿ ಇದ್ದರೆ ಕತ್ತಿ ಮೇಲೆ ಏನೂ ಇಲ್ಲ, ಕೆಟ್ಟಿದ್ದರೆ ರೆಡಾಕ್ಸ್. ಕರಗಿದ ತಾಮ್ರ ಹೆಚ್ಚಿದ್ದರೆ ಎಳೆ ಕಾಯಿ, ಹಿಂಗಾರ ಸುಟ್ಟು ಹೋಗುತ್ತೆ, ಅದಕ್ಕೇ ಈ ಪರೀಕ್ಷೆ. ದ್ರಾವಣವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಮಾಡಬಾರದು, ಮರದ್ದೋ ಮಣ್ಣಿನದೋ ಪ್ಲಾಸ್ಟಿಕ್ಕಿನದೋ ಪಾತ್ರೆ ಬೇಕು ಅನ್ನೋದಕ್ಕೂ ಇದೇ ಕಾರಣ. ಕಬ್ಬಿಣದ ಡ್ರಮ್ಮು ಅಂದರೆ ದೊಡ್ಡ ಕತ್ತಿ ಅಷ್ಟೇ.

ಮುಂದಿನ ಇಪ್ಪತ್ತು ವರ್ಷವನ್ನು ನಾನು ಬೇಗ ದಾಟ್ತೀನಿ, ಯಾಕಂದರೆ ಮಂಡ್ಯಕ್ಕೆ ಹೋಗೋ ಆತುರ. 1913ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆ ಪ್ರತ್ಯೇಕವಾಗಿ ನಿಂತಾಗ ಕೋಲ್ಮನ್ ಅದರ ಮೊದಲ ನಿರ್ದೇಶಕರಾದರು. ಆಗ ದಿವಾನರು ವಿಶ್ವೇಶ್ವರಯ್ಯನವರು. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಶಾಲೆ, ಪ್ರಯೋಗದ ಹೊಲ ಬೆಳೆದವು. ಶ್ರೀಗಂಧಕ್ಕೆ ಬಂದ ಸ್ಪೈಕ್ ರೋಗದ ಮೇಲೆ ಕೋಲ್ಮನ್ ಕೆಲಸ ಮಾಡಿದರು. ಜೋಳ ತಿನ್ನೋ ರೆಕ್ಕೆಯಿಲ್ಲದ ಮಿಡತೆಯೊಂದನ್ನು ಅಭ್ಯಾಸ ಮಾಡಿದರು. ಸ್ಪೇನಿನ ಕೀಟತಜ್ಞ ಬೊಲಿವಾರ್ 1910ರಲ್ಲಿ ಆ ಮಿಡತೆಗೆ ಕೋಲ್ಮಾನಿಯಾ ಅಂತಲೇ ಹೆಸರಿಟ್ಟರು. ರೈತರಿಗೆ ಪೀಡೆಯಾದ ಹುಳಕ್ಕೆ ರೈತರ ಪರವಾಗಿ ದುಡಿದವನ ಹೆಸರು, ವಿಜ್ಞಾನಿಗಳ ಗೌರವದ ರೀತಿಯೇ ಹಾಗೆ. 1925ರ ಹೊತ್ತಿಗೆ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾಯ್ತು. ಅದರ ಹಿಂದೆಯೂ ಇವರೇ.

ಈಗ ನಮ್ಮ ಊರಿನ ಕಡೆ. ಆಗ ಮಂಡ್ಯ ಜಿಲ್ಲೆ ಅಂತ ಇರಲೇ ಇಲ್ಲ, ಆಗಿದ್ದು 1939ರಲ್ಲಿ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಕೆರೆ ಇದ್ದ ಊರಲ್ಲಿ ಸ್ವಲ್ಪ ಭತ್ತ, ಉಳಿದಂತೆ ರಾಗಿ, ಹುರುಳಿ, ಮಳೆ ನಂಬಿದ ಹೊಲ. ವಿಚಿತ್ರ ನೋಡಿ, ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ 1902ರಲ್ಲೇ ಕರೆಂಟು ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಗ್ತಿತ್ತು. ಅದೇ ತಾಲ್ಲೂಕಿನ ಹೊಲಗಳಿಗೆ ಅದೇ ಕಾವೇರಿ ನೀರು ಸಿಗಲು ಇನ್ನೂ ಮೂವತ್ತು ವರ್ಷ ಬೇಕಾಯ್ತು. ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲಿ ಶುರುವಾಗಿತ್ತು. ಅಲ್ಲಿಂದ ಹೊರಟ ನಾಲೆ ಹುಲಿಕೆರೆ ಹತ್ತಿರ ಗುಡ್ಡ ಕೊರೆದ ಸುರಂಗದಲ್ಲಿ ಹಾದು 1930ರ ದಶಕದ ಆರಂಭದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ನೀರು ತಂತು. ಆಗ ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ, ನಮ್ಮ ಬಾಯಲ್ಲಿ ವಿ.ಸಿ. ನಾಲೆ.

ನೀರು ತರೋದು ಎಂಜಿನಿಯರ್ ಕೆಲಸ, ಬಂದ ನೀರಲ್ಲಿ ಏನು ಬೆಳೆಯಬೇಕು ಅನ್ನೋದು ಕೋಲ್ಮನ್ ತಲೆನೋವು. ತಲೆಮಾರುಗಳಿಂದ ರಾಗಿ ಬೆಳೆದವನಿಗೆ ರಾತ್ರೋರಾತ್ರಿ ನಾಲೆ ನೀರು ಕೊಟ್ಟರೆ ಏನು ಮಾಡಬೇಕು? 1931ರಲ್ಲಿ ಮಂಡ್ಯದ ಹತ್ತಿರ ನಾಲೆ ಬಯಲಿನಲ್ಲೇ ಪ್ರಯೋಗದ ಫಾರ್ಮ್ ತೆರೆದರು. ಅದೇ ಇವತ್ತಿನ ವಿ.ಸಿ. ಫಾರ್ಮ್. ನಾಲೆ ಜೊತೆಗೆ ಮಲೇರಿಯಾ ಕೂಡ ಬಂತು ಅನ್ನೋದನ್ನು ಹೇಳದೆ ಇರಬಾರದು. ಅದರ ಕಥೆ ಬೇರೆಯೇ ಇದೆ.

ನೀರು ನಿಂತಾಗ ಮಣ್ಣಿನೊಳಗೆ ಏನಾಗುತ್ತೆ ಅನ್ನೋದು ಕೋಲ್ಮನ್ ಓದಿದ್ದ ವಿಷಯದ ತಲೆಕೆಳಗು ರೂಪ. ಒಣ ಹೊಲದಲ್ಲಿ ಗಾಳಿ ಇದೆ, ಹಾಗಾಗಿ ಉತ್ಕರ್ಷಣ. ಭತ್ತದ ಗದ್ದೆಯಲ್ಲಿ ನೀರು ನಿಂತ ಮೇಲೆ ಕೆಸರಿನೊಳಗೆ ಆಕ್ಸಿಜನ್ ಬೇಗ ಖಾಲಿ. ಆದರೆ ಬ್ಯಾಕ್ಟೀರಿಯಾಗಳಿಗೆ ಉಸಿರಾಟ ನಿಲ್ಲಿಸೋಕೆ ಆಗಲ್ಲ, ಎಲೆಕ್ಟ್ರಾನ್ ಇಳಿಸೋಕೆ ಯಾರಾದರೂ ಬೇಕು. ಮೊದಲು ನೈಟ್ರೇಟ್‌ಗೆ ಕೊಡ್ತವೆ, ನೈಟ್ರೋಜನ್ +5ರಿಂದ 0ಗೆ ಇಳಿದು ಅನಿಲವಾಗಿ ಹಾರಿಹೋಗುತ್ತೆ. ರೈತ ದುಡ್ಡು ಕೊಟ್ಟು ತಂದ ಗೊಬ್ಬರ ಗಾಳಿಪಾಲು. ನೀರು ನಿಂತ ಭತ್ತಕ್ಕೆ ನೈಟ್ರೇಟ್ ಗೊಬ್ಬರ ಹಾಕಬೇಡಿ, ಅಮೋನಿಯಂ ಅಥವಾ ಯೂರಿಯಾ ಹಾಕಿ, ಅದನ್ನೂ ಕೆಸರಿನೊಳಗೆ ಸೇರಿಸಿ ಅಂತ ಹೇಳೋದು ಇದಕ್ಕೇ. ನೈಟ್ರೇಟ್ ಮುಗಿದ ಮೇಲೆ ಕಬ್ಬಿಣದ ಸರದಿ. ನಮ್ಮ ಕೆಂಪು ಮಣ್ಣಿನ ಕೆಂಪು ಬರೋದು +3 ಕಬ್ಬಿಣದಿಂದ. ಅದು +2ಕ್ಕೆ ಇಳಿದಾಗ ಮಣ್ಣು ಬೂದು ಬಣ್ಣಕ್ಕೆ ತಿರುಗುತ್ತೆ. ನಾಟಿ ಗದ್ದೆಯಲ್ಲಿ ಕಾಲಿಟ್ಟು ಕೆಳಗಿನ ಕೆಸರು ಎತ್ತಿ ನೋಡಿ, ಕಪ್ಪು ಬೂದಿ. ಅದೇ ಗದ್ದೆಯ ಒಂದು ಭತ್ತದ ಬುಡ ಕಿತ್ತು ಬೇರು ತೊಳೆದು ನೋಡಿ, ಬೇರಿನ ಮೇಲೆ ತುಕ್ಕಿನ ಬಣ್ಣದ ಲೇಪ ಇರುತ್ತೆ. ಭತ್ತದ ಗಿಡ ಎಲೆಯಿಂದ ಬೇರಿಗೆ ಆಕ್ಸಿಜನ್ ಇಳಿಸುತ್ತೆ, ಆ ಆಕ್ಸಿಜನ್ ಬೇರಿನ ಸುತ್ತ ಕಬ್ಬಿಣವನ್ನು ಮತ್ತೆ +3 ಮಾಡುತ್ತೆ. ಒಂದು ಹಿಡಿ ಕೆಸರಿನಲ್ಲಿ ಅಪಕರ್ಷಣ, ಅದೇ ಹಿಡಿಯ ಬೇರಿನ ಮೇಲೆ ಉತ್ಕರ್ಷಣ. ನಾನು ಇದನ್ನು ಚಿಕ್ಕಂದಿನಿಂದ ತುಳಿದುಕೊಂಡೇ ಓಡಾಡಿದ್ದೀನಿ, ಗೊತ್ತಿರಲಿಲ್ಲ.

ಭತ್ತ ಇರಲಿ, ಕೋಲ್ಮನ್ ಕಣ್ಣಿದ್ದದ್ದು ಕಬ್ಬಿನ ಮೇಲೆ. ಹೆಬ್ಬಾಳದಲ್ಲಿ ಆಗಲೇ ಕಬ್ಬಿನ ತಳಿ ಅಭಿವೃದ್ಧಿ ನಡೆದಿತ್ತು. ಹೆಬ್ಬಾಳ ಮೈಸೂರು ಅನ್ನೋದನ್ನು ಮೊಟಕು ಮಾಡಿದ ಎಚ್.ಎಂ. ಹೆಸರಿನ ತಳಿಗಳು ನಾಲೆ ಬಯಲಿಗೆ ಬಂದವು. 1932ರಲ್ಲಿ ಭಾರತ ಸರ್ಕಾರ ಹೊರಗಿನಿಂದ ಬರುವ ಸಕ್ಕರೆಗೆ ಸುಂಕದ ಗೋಡೆ ಕಟ್ಟಿತು. ಅಲ್ಲಿಯವರೆಗೆ ಜಾವಾ ಸಕ್ಕರೆ ಮುಂದೆ ಇಲ್ಲಿನ ಸಕ್ಕರೆ ನಿಲ್ಲೋದೇ ಕಷ್ಟವಾಗಿತ್ತು. ಸರಿಯಾದ ಹೊತ್ತು ನೋಡಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಶುರುವಾಯ್ತು. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. ಕಂಪನಿ ಕಟ್ಟೋದರಲ್ಲಿ ಮುಂದೆ ನಿಂತವರು ಕೋಲ್ಮನ್. ಮಣ್ಣಿನ ಬ್ಯಾಕ್ಟೀರಿಯಾ ಓದಿದ ಮನುಷ್ಯ ಸಕ್ಕರೆ ಕಾರ್ಖಾನೆ ಕಟ್ಟೋದು ಇವತ್ತಿನ ನಮ್ಮ ಬ್ರಾಂಚ್ ಲೆಕ್ಕದಲ್ಲಿ ಯಾವ ಡಿಪಾರ್ಟ್‌ಮೆಂಟಿಗೂ ಸೇರಲ್ಲ.

ಸಕ್ಕರೆ ಕಾರ್ಖಾನೆ ಒಳಗೆ ಹೋದರೆ ರೆಡಾಕ್ಸ್ ಹುಡುಕೋ ಆಟಕ್ಕೆ ಇದಕ್ಕಿಂತ ಒಳ್ಳೆ ಮೈದಾನ ಇಲ್ಲ. ನಮ್ಮ ದೇಶದ ಬಿಳಿ ಸಕ್ಕರೆ ಬಹುಪಾಲು ತಯಾರಾಗೋದು ಗಂಧಕದ ವಿಧಾನದಲ್ಲಿ. ಹಳದಿ ಗಂಧಕವನ್ನು ಕುಲುಮೆಯಲ್ಲಿ ಸುಡ್ತಾರೆ, ಸಲ್ಫರ್ ಡೈಆಕ್ಸೈಡ್ ಬರುತ್ತೆ. ಗಂಧಕ 0ಯಿಂದ +4. ಇದು ರೆಡಾಕ್ಸ್, ಅನುಮಾನ ಬೇಡ. ಕಬ್ಬಿನ ಹಾಲಿಗೆ ಸುಣ್ಣದ ಹಾಲು ಹಾಕಿ ಈ ಅನಿಲ ಹಾಯಿಸಿದಾಗ ಕ್ಯಾಲ್ಸಿಯಂ ಸಲ್ಫೈಟ್ ಗಸಿಯಾಗಿ ಕೊಳೆಯನ್ನು ಜೊತೆಗೆ ಎಳೆದುಕೊಂಡು ಕೂರುತ್ತೆ. ಇಲ್ಲಿ ತುಂಬ ಜನ ಎಡವುತ್ತಾರೆ, ಯಾಕಂದರೆ ಸಲ್ಫರ್ ಡೈಆಕ್ಸೈಡ್ ಅಂದರೆ ಅಪಕರ್ಷಕ ಅಂತ ಬಾಯಿಪಾಠ ಆಗಿರುತ್ತೆ. ಲೆಕ್ಕ ಹಾಕಿ ನೋಡಿ: ಅನಿಲದಲ್ಲಿ ಗಂಧಕ +4, ಸಲ್ಫೈಟಿನಲ್ಲೂ +4. ಆಮ್ಲೀಯ ಆಕ್ಸೈಡು ಸುಣ್ಣದ ಜೊತೆ ಸೇರಿ ಲವಣ ಆಯ್ತು ಅಷ್ಟೇ, ರೆಡಾಕ್ಸ್ ಅಲ್ಲ. ಬೋರ್ಡೋ ಡ್ರಮ್ಮಿನ ತಮ್ಮ.

ಆದರೆ ಅದೇ ಅನಿಲದ ಸ್ವಲ್ಪ ಭಾಗ ಬೇರೆ ಕೆಲಸಕ್ಕೆ ಹೋಗುತ್ತೆ. ಕಬ್ಬಿನ ಹಾಲು ಕಬ್ಬಿಣದ ರೋಲರಿನಲ್ಲಿ ಅರೆದು ಬಂದಿರುತ್ತೆ, ಅದರಲ್ಲಿ +3 ಕಬ್ಬಿಣ ಕಬ್ಬಿನ ಪಾಲಿಫಿನಾಲ್‌ಗಳ ಜೊತೆ ಸೇರಿ ಕಪ್ಪು ಬಣ್ಣ ಕೊಡುತ್ತೆ. ಸಲ್ಫರ್ ಡೈಆಕ್ಸೈಡ್ ಆ ಕಬ್ಬಿಣವನ್ನು +2ಕ್ಕೆ ಇಳಿಸುತ್ತೆ, ತಾನು +4ರಿಂದ +6ಕ್ಕೆ ಏರಿ ಸಲ್ಫೇಟ್ ಆಗುತ್ತೆ. ಕಪ್ಪು ಹೋಯ್ತು. ಒಂದೇ ಪೈಪಿನಲ್ಲಿ ಬಂದ ಒಂದೇ ಅನಿಲ, ಒಂದೇ ಪಾತ್ರೆಯಲ್ಲಿ ಒಂದು ಕಡೆ ರೆಡಾಕ್ಸ್ ಅಲ್ಲ, ಇನ್ನೊಂದು ಕಡೆ ರೆಡಾಕ್ಸ್. ವಸ್ತುವಿನ ಹೆಸರು ನೋಡಿ ಉತ್ತರ ಬರೆಯೋ ನಮ್ಮ ಅಭ್ಯಾಸಕ್ಕೆ ಇಲ್ಲಿ ಜಾಗ ಇಲ್ಲ. ಕ್ರಿಯೆಯ ಎರಡೂ ಬದಿ ಬೇಕು.

ಇನ್ನು ಕಾರ್ಖಾನೆ ಲ್ಯಾಬಿಗೆ ಹೋದರೆ ಅಲ್ಲಿ ಮತ್ತೆ ನಮ್ಮ ಮೈಲುತುತ್ತ ಕೂತಿದೆ, ಫೆಹ್ಲಿಂಗ್ ದ್ರಾವಣದ ರೂಪದಲ್ಲಿ. ಮಲೆನಾಡಿನಲ್ಲಿ ಶಿಲೀಂಧ್ರ ಕೊಲ್ಲುವ ತಾಮ್ರ ಇಲ್ಲಿ ರೈತನ ಕಬ್ಬಿಗೆ ಸಾಕ್ಷಿ ಹೇಳುತ್ತೆ. ಅದು ಹೀಗೆ. ಸಕ್ಕರೆ ಅಂದರೆ ಸುಕ್ರೋಸ್, ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕೈ ಕೈ ಹಿಡಿದುಕೊಂಡಿರೋದು. ಅಪಕರ್ಷಣ ಮಾಡಬಲ್ಲ ತುದಿಗಳು ಎರಡೂ ಆ ಹಿಡಿತದಲ್ಲೇ ಸಿಕ್ಕಿರೋದರಿಂದ ಸುಕ್ರೋಸ್ ಫೆಹ್ಲಿಂಗ್ ದ್ರಾವಣವನ್ನು ಏನೂ ಮಾಡಲ್ಲ, ನೀಲಿ ನೀಲಿಯೇ. ಕಬ್ಬು ಕಡಿದು ಬಿಸಿಲಲ್ಲಿ ಬಿದ್ದರೆ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತೆ. ಈ ಒಡೆಯೋದು ನೀರು ಸೇರಿ ಆಗುವ ಕ್ರಿಯೆ, ಒಟ್ಟು ಲೆಕ್ಕದಲ್ಲಿ ರೆಡಾಕ್ಸ್ ಅಲ್ಲ. ಆದರೆ ಒಡೆದು ಬಂದ ಗ್ಲೂಕೋಸನ್ನು ಫೆಹ್ಲಿಂಗ್ ಜೊತೆ ಕಾಯಿಸಿದರೆ ತಾಮ್ರ +2ರಿಂದ +1ಕ್ಕೆ ಇಳಿದು ಇಟ್ಟಿಗೆ ಕೆಂಪಿನ ಆಕ್ಸೈಡ್ ಆಗುತ್ತೆ. ಆಲ್ಡಿಹೈಡ್ ತುದಿಯ ಕಾರ್ಬನ್ +1ರಿಂದ +3ಕ್ಕೆ ಏರುತ್ತೆ. ಎಷ್ಟು ಕೆಂಪೋ ಅಷ್ಟು ಸಕ್ಕರೆ ಹಾಳು. ಹಾಳಾದ ಸಕ್ಕರೆ ಹರಳಾಗಲ್ಲ, ಕಾಕಂಬಿಗೆ ಹೋಗುತ್ತೆ.

ಇದು ಲ್ಯಾಬಿನ ಮಾತಾಯ್ತು. ಹೊರಗೆ ಬಂದರೆ ಮಂಡ್ಯ, ಕೊಪ್ಪ, ಭಾರತೀನಗರ, ಯಾವ ಕಾರ್ಖಾನೆ ಗೇಟೇ ಆಗಲಿ, ಸೀಸನ್ನಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್, ಎತ್ತಿನ ಗಾಡಿ ಸಾಲು ನಿಂತಿರೋದನ್ನು ನೋಡಿದ್ದೀರಿ. ಕಟಾವಿಗೆ ಕೂಲಿ ಕೊಟ್ಟಾಗಿದೆ, ಬಾಡಿಗೆ ಏರ್ತಾ ಇದೆ, ಕಬ್ಬು ಒಣಗಿ ತೂಕ ಇಳೀತಾ ಇದೆ, ಒಳಗೆ ಸುಕ್ರೋಸ್ ಒಡೀತಾ ಇದೆ. ನಮ್ಮ ಮನೆಯವರು ಎರಡು ರಾತ್ರಿ ಗಾಡಿ ಕೆಳಗೆ ಮಲಗಿ ಬಂದದ್ದು ನನಗೆ ನೆನಪಿದೆ. ಫೆಹ್ಲಿಂಗ್ ಟೈಟ್ರೇಶನ್ ಮಾಡುವಾಗ ನನಗೆ ಆ ಸಾಲೇ ಕಣ್ಣಿಗೆ ಬರುತ್ತೆ, ಏನು ಮಾಡ್ಲಿ. ಕೋಲ್ಮನ್ ಕಾಲದಲ್ಲಿ ಫಾರ್ಮು ಮತ್ತು ಕಾರ್ಖಾನೆ ಒಂದೇ ಊರಿನಲ್ಲಿ, ಒಂದೇ ಯೋಚನೆಯಲ್ಲಿ ಇದ್ದವು. ಗದ್ದೆಗೂ ಗಾಣಕ್ಕೂ ನಡುವಿನ ಗಂಟೆಗಳನ್ನು ಯಾರಾದರೂ ಲೆಕ್ಕ ಇಡಬೇಕು ಅನ್ನೋದು ಆ ಯೋಜನೆಯೊಳಗೇ ಇತ್ತು ಅಂತ ನನಗನ್ನಿಸುತ್ತೆ.

ಕಬ್ಬೆಲ್ಲ ಕಾರ್ಖಾನೆಗೇ ಹೋಗಲ್ಲ. ಮಂಡ್ಯ ಸುತ್ತ ಆಲೆಮನೆಗಳು ಇದ್ದೇ ಇವೆ. ಹಿಂದೆ ಬೆಂಡೆ ಗಿಡದ ಲೋಳೆ ಹಾಕಿ ಹಾಲು ತಿಳಿ ಮಾಡ್ತಿದ್ದರು. ಬಿಳಿ ಸಕ್ಕರೆ ನೋಡಿದ ಕಣ್ಣಿಗೆ ಬೆಲ್ಲವೂ ಬೆಳ್ಳಗೆ ಬೇಕಾಯ್ತೋ ಏನೋ, ಈಗ ಕೊಪ್ಪರಿಗೆಗೆ ಹೈಡ್ರೋಸ್ ಅನ್ನೋ ಬಿಳಿ ಪುಡಿ ಬೀಳುತ್ತೆ. ಅದು ಸೋಡಿಯಂ ಹೈಡ್ರೋಸಲ್ಫೈಟ್, ಅದರಲ್ಲಿ ಗಂಧಕ +3. ಎಲೆಕ್ಟ್ರಾನ್ ಬಿಟ್ಟುಕೊಡೋಕೆ ಕಾದು ಕೂತಿರುವ ವಸ್ತು. ಬೆಲ್ಲದ ಬಣ್ಣದ ಅಣುಗಳಿಗೆ ಎಲೆಕ್ಟ್ರಾನ್ ಕೊಟ್ಟು ಅವುಗಳ ಬಣ್ಣ ಕಳೆಯುತ್ತೆ, ತಾನು +4ಕ್ಕೆ ಏರುತ್ತೆ. ಮಂಡಿಯಲ್ಲಿ ಬೆಲ್ಲ ಚಿನ್ನದ ಬಣ್ಣ. ಮನೆಗೆ ತಂದು ಕೆಲವು ವಾರ ಇಟ್ಟರೆ ಗಾಳಿಯ ಆಕ್ಸಿಜನ್ ಆ ಎಲೆಕ್ಟ್ರಾನನ್ನು ವಾಪಸ್ ಕಿತ್ತುಕೊಳ್ಳುತ್ತೆ, ಬೆಲ್ಲ ಮತ್ತೆ ಕಪ್ಪಾಗುತ್ತೆ. ಬೆಲ್ಲ ಕೆಟ್ಟಿದೆ ಅಂತ ಅಂಗಡಿಯವನ ಜೊತೆ ಜಗಳ ಆಡೋರಿದ್ದಾರೆ. ಹಾಗೆ ನೋಡಿದರೆ ಅದು ಕೆಟ್ಟಿದ್ದಲ್ಲ, ಮೊದಲಿನ ಬಣ್ಣಕ್ಕೆ ಬಂದಿದ್ದು. ಮೊದಲಿಂದಲೂ ಕಂದು ಬಣ್ಣದ ಬೆಲ್ಲವನ್ನೇ ಕೇಳಿ ತಗೊಳ್ಳಿ ಅಂತ ಮಾತ್ರ ಹೇಳಬಲ್ಲೆ.

ಇನ್ನೊಂದು ಲೆಕ್ಕ ನಿಮಗೆ ಬಿಡ್ತೀನಿ. ಕಾಕಂಬಿ ಹುದುಗಿದಾಗ ಒಂದು ಗ್ಲೂಕೋಸ್ ಅಣು 2 ಎಥನಾಲ್, 2 ಕಾರ್ಬನ್ ಡೈಆಕ್ಸೈಡ್ ಆಗುತ್ತೆ. ಹೊರಗಿನಿಂದ ಆಕ್ಸಿಜನ್ ಬಂದಿಲ್ಲ. ರೆಡಾಕ್ಸ್ ಹೌದೋ ಅಲ್ಲವೋ? ಗ್ಲೂಕೋಸಿನಲ್ಲಿ ಕಾರ್ಬನ್‌ನ ಸರಾಸರಿ 0 ಅನ್ನೋದಷ್ಟೇ ನನ್ನ ಸುಳಿವು.

ಕೋಲ್ಮನ್ 1934ರಲ್ಲಿ ಮೈಸೂರು ಸೇವೆ ಬಿಟ್ಟು ಕೆನಡಾಕ್ಕೆ ಮರಳಿದರು. ಕಾರ್ಖಾನೆ ಗಾಣ ತಿರುಗಲು ಶುರುವಾಗಿ ಹೆಚ್ಚು ಕಾಲ ಆಗಿರಲಿಲ್ಲ. ಐವತ್ತಾರರ ವಯಸ್ಸಿನಲ್ಲಿ ಬೇರೆಯವರಾಗಿದ್ದರೆ ಪೆನ್ಶನ್ ತಗೊಂಡು ತೋಟ ನೋಡಿಕೊಂಡಿರುತ್ತಿದ್ದರು. ಇವರು ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕೂತರು, ಈ ಸಲ ಕ್ರೋಮೋಸೋಮುಗಳ ರಚನೆ ಮೇಲೆ. ಮೊದಲು ಗಿಡಗಳದ್ದು, ಆಮೇಲೆ ಮಿಡತೆಗಳದ್ದು. 1940ರ ದಶಕದಲ್ಲಿ ಆ ಬಗ್ಗೆ ಅವರ ಲೇಖನಗಳು ಬಂದಿವೆ. ಜೋಳದ ಹೊಲದ ಮಿಡತೆಯಿಂದ ಶುರುವಾದದ್ದು ಮಿಡತೆಗೇ ಬಂದು ನಿಂತಿತು. 1954ರ ಸೆಪ್ಟೆಂಬರ್ 14ರಂದು ತೀರಿಕೊಂಡರು. ಅಷ್ಟು ಹೊತ್ತಿಗೆ ಮಂಡ್ಯ ಅಂದರೆ ಸಕ್ಕರೆ ಅಂತ ಆಗಿಹೋಗಿತ್ತು.

ಈ ವರ್ಷ ಮುಂಗಾರು ಹಿಡಿಯೋ ಮುಂಚೆ ರೂಮ್‌ಮೇಟ್ ಊರಿಂದ ಒಂದು ಫೋಟೋ ಕಳಿಸಿದ್ದ. ನೀಲಿ ಪ್ಲಾಸ್ಟಿಕ್ ಡ್ರಮ್ಮು, ಪಕ್ಕದಲ್ಲಿ ಕತ್ತಿ, ಕತ್ತಿಯ ತುದಿ ಕೆಂಪು. ಇನ್ನೊಂದು ಬೊಗಸೆ ಸುಣ್ಣ ಹಾಕಿ ಮತ್ತೆ ಅದ್ದಿದರಂತೆ.